ಮೂರು ಸಲ ಹತ್ತರಿ ಹೊಡೆದ ಬಾಗಿಲು

ಮಳೆ ಹಿಡಿದರೆ ಬಾಗಿಲುಗಳು ಬಿಗಿಯುತ್ತವೆ. ಇದು ಎಲ್ಲರಿಗೂ ಗೊತ್ತಿರುವ ಸಂಗತಿ. ಮರ ನೀರು ಕುಡಿದು ಉಬ್ಬುತ್ತದೆ, ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ. ಮನೆಯವರು ನಾಲ್ಕು ದಿನ ಹೆಗಲು ಕೊಟ್ಟು ನೂಕುತ್ತಾರೆ, ಐದನೆಯ ದಿನ ಬಡಗಿಗೆ ಹೇಳಿ ಕಳಿಸುತ್ತಾರೆ.

ಗುಡ್ಡದ ಇಳಿಜಾರಿನ ಮೆಟ್ಟಿಲು ಬೀದಿಯಲ್ಲಿದ್ದ ಬಡಗಿಗೆ ಆ ಮಳೆಗಾಲ ಇಂಥ ಕರೆಗಳು ಬಿಡುವಿಲ್ಲದೆ ಬಂದವು. ಉಳಿ, ಸುತ್ತಿಗೆ, ಮರ ಕೆರೆದು ನುಣುಪು ಮಾಡುವ ಹತ್ತರಿ, ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡು ಅವನು ದಿನವೂ ಮೆಟ್ಟಿಲು ಹತ್ತಿ ಇಳಿಯುತ್ತಿದ್ದ. ಕೈ ಒಳ್ಳೆಯದು. ಅವನು ಹತ್ತರಿ ಹೊಡೆದ ಬಾಗಿಲು ಒಂದು ಬೆರಳಿಗೆ ಮುಚ್ಚಿಕೊಳ್ಳುತ್ತಿತ್ತು. ಹೋದ ಕಡೆಯಲ್ಲೆಲ್ಲ ಒಂದೇ ಮಾತು ಹೇಳುತ್ತಿದ್ದ: "ಗಾಬರಿ ಏನಿಲ್ಲ, ಮರ ನೀರು ಕುಡಿದಿದೆ ಅಷ್ಟೆ. ಬೇಸಿಗೇಲಿ ತಾನಾಗೇ ಸರಿಹೋಗುತ್ತೆ."

ಅವನ ಅಕ್ಕನ ಮನೆ ಆ ಬೀದಿಯ ನಡುವೆ ಇತ್ತು. ತಾಯಿ ಹೋದಾಗ ಅವನಿಗೆ ಆರು ವರ್ಷ. ಅನ್ನ ಹಾಕಿದವಳು, ಕಿವಿ ಹಿಂಡಿದವಳು, ಮೊದಲ ಉಳಿ ಕೊಡಿಸಿದವಳು ಈ ಅಕ್ಕ. ಹೊಲಿಗೆ ಅವಳ ಕಸುಬು. ಕೊರಳಲ್ಲಿ ಯಾವಾಗಲೂ ಅಳತೆಯ ಟೇಪು, ಬಾಯಲ್ಲಿ ಯಾವಾಗಲೂ ಒಂದು ಕುಟುಕು ಮಾತು.

"ಇದು ಮೂರನೇ ಸಲ ಕಣೋ," ಎಂದಳು, ತಮ್ಮ ಬಾಗಿಲು ಕೆರೆಯುತ್ತಿದ್ದಾಗ. "ಇನ್ನೊಂದ್ಸಲ ಕೆರೆದ್ರೆ ಇದು ಬಾಗಿಲು ಹೋಗಿ ಕಿಟಕಿ ಆಗುತ್ತೆ."

"ಮಳೆ ಜಾಸ್ತಿ ಅಲ್ವಾ ಅಕ್ಕ. ಮರ ನೀರು ಕುಡಿದಿದೆ."

"ಎಷ್ಟು ಕುಡಿಯುತ್ತೋ ಈ ಮರ! ನಿಮ್ಮ ಭಾವಾನೂ ಇಷ್ಟು ಕುಡಿದಿರ್ಲಿಲ್ಲ."

ಅಷ್ಟರಲ್ಲಿ ಮೆಟ್ಟಿಲು ಇಳಿದು ಬರುತ್ತಿದ್ದ ಹೆಂಗಸೊಬ್ಬಳು ನಿಂತಳು. ಮಂಡಿಯವರೆಗೆ ಕೆಸರಿನ ಬೂಟು, ಹೆಗಲ ಮೇಲೆ ಗುರುತು ಹಾಕಿದ ಕೋಲು. ಭೂಮಿಯ ಬಗ್ಗೆ ಸಂಶೋಧನೆ ಮಾಡುವವಳು. ಎರಡು ವರ್ಷದಿಂದ ಗುಡ್ಡಕ್ಕೆ ಬಂದು ಹೋಗುತ್ತಿದ್ದಳು. ಬೀದಿಯವರು ಅವಳಿಗೆ ಗುಡ್ಡದ ಡಾಕ್ಟರಮ್ಮ ಎಂದು ಹೆಸರಿಟ್ಟಿದ್ದರು, ಅರ್ಧ ಗೌರವಕ್ಕೆ, ಅರ್ಧ ತಮಾಷೆಗೆ.

"ಅಣ್ಣ, ಬಾಗಿಲು ಎಲ್ಲಿ ತಾಗ್ತಾ ಇತ್ತು?" ಎಂದು ಕೇಳಿದಳು.

"ಮೇಲಿನ ಮೂಲೇಲಿ. ಚಿಲಕದ ಕಡೆ."

"ಮೂರು ಸಲಾನೂ ಅಲ್ಲೇನಾ?"

"ಅಲ್ಲೇ."

"ಮರ ಉಬ್ಬಿದ್ರೆ ಉದ್ದಕ್ಕೂ ಉಬ್ಬಬೇಕಲ್ವಾ? ಒಂದೇ ಮೂಲೆ ಯಾಕೆ?"

ಬಡಗಿಯ ಕೈ ನಿಂತಿತು. ಇಪ್ಪತ್ತು ವರ್ಷದ ಕಸುಬಿನಲ್ಲಿ ಇಷ್ಟು ಸಣ್ಣ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲಿಲ್ಲ. ಅವನೂ ಕೇಳಿಕೊಂಡಿರಲಿಲ್ಲ.

"ಚೌಕಟ್ಟು ಅಳೆದು ನೋಡಿದ್ರಾ?"

"ಚೌಕಟ್ಟು ನಾನೇ ಕೂರಿಸಿದ್ದು ಡಾಕ್ಟ್ರಮ್ಮ, ನನ್ನ ಕೈಯಾರೆ. ಅದರಲ್ಲಿ ಅಳೆಯೋದೇನಿದೆ?" ಎಂದ. ಸ್ವಲ್ಪ ಕೋಪವೂ ಬಂದಿತ್ತು. ಆದರೂ ಅಕ್ಕನ ಕೊರಳಿಂದ ಟೇಪು ತೆಗೆದುಕೊಂಡ. ಚೌಕಟ್ಟಿನ ಎಡ ಮೇಲ್ಮೂಲೆಯಿಂದ ಬಲ ಕೆಳಮೂಲೆಗೆ ಎಳೆದ. ಆಮೇಲೆ ಬಲ ಮೇಲ್ಮೂಲೆಯಿಂದ ಎಡ ಕೆಳಮೂಲೆಗೆ. ಚೌಕಟ್ಟು ನೇರವಾಗಿದ್ದರೆ ಎರಡೂ ಅಳತೆ ಒಂದೇ ಬರಬೇಕು. ಕಸುಬಿಗೆ ಸೇರಿದ ಮೊದಲ ವಾರವೇ ಕಲಿಸುವ ಪಾಠ ಅದು. ಒಂದೂಕಾಲು ಇಂಚು ವ್ಯತ್ಯಾಸ ಬಂತು. ಮತ್ತೆ ಅಳೆದ. ಅಷ್ಟೇ ಬಂತು.

"ಆ ಟೇಪು ಹಳೇದು, ಹಿಗ್ಗಿದೆ," ಎಂದಳು ಅಕ್ಕ.

"ಹಿಗ್ಗಿದ್ರೆ ಎರಡೂ ಕಡೆ ಹಿಗ್ಗಿರಬೇಕಲ್ಲ ಅಕ್ಕ."

ಅಕ್ಕ ಟೇಪು ಕಿತ್ತುಕೊಂಡಳು. "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ಬಾಗಿಲು ಕೂರಿಸೋಕೆ ಬರ್ದೆ ಈಗ ಚೌಕಟ್ಟಿನ ಮೇಲೆ ತಪ್ಪು ಹಾಕ್ತಿದಾನೆ!"

"ನೆಲವೇ ಡೊಂಕಾಗ್ತಾ ಇದೆಯಮ್ಮ," ಎಂದಳು ಡಾಕ್ಟರಮ್ಮ. ಅವಳು ನಗಲಿಲ್ಲ.

ಹೊಸ್ತಿಲ ಮೇಲೆ ಕೂತು ಅವಳು ವಿವರಿಸಿದಳು. ಮೇಲೆ ಒಂದು ಉಪಗ್ರಹ ಹನ್ನೆರಡು ದಿನಕ್ಕೊಮ್ಮೆ ಅದೇ ದಾರಿಯಲ್ಲಿ ಹಾದುಹೋಗುತ್ತದೆ. ಅದು ರೇಡಾರ್ ಅಲೆಗಳನ್ನು ನೆಲಕ್ಕೆ ಕಳಿಸುತ್ತದೆ. ವಾಪಸು ಬಂದದ್ದನ್ನು ಹಿಂದಿನ ಸಲದ್ದಕ್ಕೆ ಹೋಲಿಸಿದರೆ, ನೆಲ ಅಕ್ಕಿಕಾಳಿನ ಉದ್ದದಷ್ಟು ಸರಿದಿದ್ದರೂ ಗೊತ್ತಾಗುತ್ತದೆ. "ಈ ಗುಡ್ಡ ವರ್ಷಗಳಿಂದ ಜಾರ್ತಾನೇ ಇದೆ, ನಿಮಗೆ ಕಾಣದ ಹಾಗೆ. ಈ ಎರಡು ತಿಂಗಳಲ್ಲಿ ಅದರ ನಡಿಗೆ ಜೋರಾಗಿದೆ."

"ಹಾಗಾದ್ರೆ ಯಾವತ್ತು ಬೀಳುತ್ತೆ?" ಎಂದು ಕೇಳಿದ ಬಡಗಿ.

"ಗೊತ್ತಿಲ್ಲ ಅಣ್ಣ. ಯಾರಿಗೂ ಗೊತ್ತಿಲ್ಲ. ದಿನ, ಗಂಟೆ ಹೇಳೋರನ್ನ ನಂಬಲೂಬೇಡಿ. ಕೆಲವು ಗುಡ್ಡ ಹೀಗೆ ನಡೆದು ನಿಂತೂ ಬಿಡುತ್ತೆ. ಕೆಲವು ಸೂಚನೇನೇ ಕೊಡದೆ ಬೀಳುತ್ತೆ. ಆದ್ರೆ ನಿಧಾನಕ್ಕೆ ನಡೆದು ಆಮೇಲೆ ಬಿದ್ದ ಗುಡ್ಡಗಳನ್ನ ಎಷ್ಟೋ ಜನ ಲೆಕ್ಕ ಹಾಕಿ ನೋಡಿದಾರೆ. ಬಹಳಷ್ಟು ಬೀಳೋ ಮುಂಚೆ ವೇಗ ಹೆಚ್ಚಿಸ್ಕೊಂಡಿವೆ." ಗುಡ್ಡದ ಕಡೆ ಕೈ ತೋರಿಸಿ ಅಂದಳು, "ನನ್ನ ಕಷ್ಟ ಏನಂದ್ರೆ, ಮರಗಳ ಮರೆ ಜಾಸ್ತಿ. ಜಾರ್ತಿರೋ ಭಾಗದ ಅಂಚು ಎಲ್ಲಿದೆ ಅಂತ ಮೇಲಿಂದ ಸರಿಯಾಗಿ ಕಾಣ್ತಿಲ್ಲ."

ಬಡಗಿ ಚೀಲದಿಂದ ಹಲಗೆಯ ತುಂಡೊಂದನ್ನು ತೆಗೆದು, ಕಿವಿಯ ಮೇಲಿದ್ದ ಸೀಸದಕಡ್ಡಿಯಿಂದ ಮೆಟ್ಟಿಲು ಬೀದಿಯನ್ನು ಗೀಚಿದ. ಈ ಮಳೆಗಾಲ ಒಂದಕ್ಕಿಂತ ಹೆಚ್ಚು ಸಲ ಹತ್ತರಿ ಹೊಡೆದ ಬಾಗಿಲುಗಳಿಗೆ ಒಂದೊಂದೇ ಚುಕ್ಕೆ ಇಟ್ಟ. ಬೇಕರಿಯವರದ್ದು. ದಾದಿಯ ಮನೆಯದ್ದು. ಕೈಗಡಿಯಾರ ರಿಪೇರಿ ಮಾಡುವ ಗಡಿಯಾರದಣ್ಣನದ್ದು. ಅಕ್ಕನದ್ದು. ಒಟ್ಟು ಎಂಟು. ಚುಕ್ಕೆಗಳನ್ನು ಸೇರಿಸಿದಾಗ ಬೀದಿಗೆ ಅಡ್ಡವಾಗಿ ಒಂದು ಬಾಗಿದ ಗೆರೆ ಮೂಡಿತು, ಕುಡುಗೋಲಿನ ಹಾಗೆ. ಮೇಲಿನ ಮನೆಗಳಿಗೂ ಏನೂ ಆಗಿರಲಿಲ್ಲ, ಕೆಳಗಿನ ಮನೆಗಳಿಗೂ ಏನೂ ಆಗಿರಲಿಲ್ಲ. ಕೆಟ್ಟದ್ದು ಆ ಗೆರೆ ಹಾದುಹೋದ ಮನೆಗಳ ಬಾಗಿಲುಗಳು ಮಾತ್ರ.

"ಇದೇ ಅಂಚು," ಎಂದಳು ಡಾಕ್ಟರಮ್ಮ. "ಇದರ ಕೆಳಗಿರೋದೆಲ್ಲ ಒಟ್ಟಿಗೆ ಜಾರ್ತಾ ಇದೆ."

ಜನ ಬಡಗಿಯನ್ನು ಕರೆದದ್ದು ಬಾಗಿಲಿಗೆ, ಅವನು ನೋಡಿದ್ದು ಬಾಗಿಲನ್ನು. ಗುಡ್ಡ ಎರಡು ತಿಂಗಳಿಂದ ಮನೆಮನೆಯಲ್ಲೂ ಹೇಳುತ್ತಿದ್ದ ಮಾತನ್ನು ಅವನು ತನ್ನ ಕೈಯಾರೆ ಕೆರೆದು, ಗುಡಿಸಿ, ಹೊರಗೆ ಹಾಕಿ ಬಂದಿದ್ದ.

ಡಾಕ್ಟರಮ್ಮ ಆ ಹಲಗೆ ಹಿಡಿದು ಪಂಚಾಯಿತಿ ಕಚೇರಿಗೆ ಓಡಿದಳು. ಸಂಜೆಯೊಳಗೆ ಅಲ್ಲಿಯವರು ಜನ ಉಳಿಯಲೆಂದು ಹಳ್ಳದಾಚೆಯ ಶಾಲೆಯ ಬೀಗ ತೆಗೆಸಿದರು. ಬಡಗಿ ಗೆರೆ ಹಾದುಹೋದ, ಗೆರೆಯ ಕೆಳಗಿನ ಮನೆಗಳಿಗೆಲ್ಲ ಹೋದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಎಲ್ಲರೂ ಅವನದೇ ಮಾತನ್ನು ಅವನಿಗೇ ಹಿಂದಿರುಗಿಸಿದರು.

"ಮೊನ್ನೆ ನೀನೇ ಹೇಳಿದ್ಯಲ್ಲಪ್ಪ, ಮರ ನೀರು ಕುಡಿದಿದೆ ಅಂತ?" ಎಂದರು ಗಡಿಯಾರದಣ್ಣ.

"ತಪ್ಪು ಹೇಳಿದ್ದೆ ಅಣ್ಣ. ಅಳತೆ ನೋಡದೆ ಹೇಳಿದ್ದೆ. ದಮ್ಮಯ್ಯ, ನಡೀರಿ."

ಗೆರೆ ಹಾದುಹೋದ ಪ್ರತಿ ಮನೆಯಲ್ಲೂ ಚೌಕಟ್ಟು ಅಳೆದು ತೋರಿಸಿದ, ಕೆಳಗಿನ ಮನೆಯವರನ್ನೂ ಕರೆತಂದು ಅದನ್ನೇ ತೋರಿಸಿದ. ಕಣ್ಣಾರೆ ಕಂಡ ಮೇಲೆ ಜನ ಗಂಟುಮೂಟೆ ಕಟ್ಟಿದರು. ಗಡಿಯಾರದಣ್ಣನೂ ಬಂದರು. ಬರದೇ ಉಳಿದವಳು ಅಕ್ಕ ಒಬ್ಬಳೇ.

"ನಾಡಿದ್ದು ಇಪ್ಪತ್ತು ಅಂಗಿ ಕೊಡಬೇಕು. ಮಷೀನು ಬಿಟ್ಟು ಶಾಲೇಲಿ ಕೂತು ಏನು ಅ ಆ ಇ ಈ ಕಲೀಲಾ?"

"ಮಷೀನು ನಾನು ಹೊತ್ಕೊಂಡು ಬರ್ತೀನಿ ಅಕ್ಕ."

"ನಾನು ಬರಲ್ಲ. ಹೋಗೋ."

ಅವನು ಅತ್ತ. ಬೈದ. ಕಾಲು ಹಿಡಿದ. ಅವಳು ಮಷೀನು ತುಳಿಯುತ್ತಲೇ ಇದ್ದಳು. ಕೊನೆಗೆ ಅವನು ಮಾತು ಬಿಟ್ಟು ತನಗೆ ಗೊತ್ತಿದ್ದ ಕೆಲಸ ಮಾಡಿದ. ಬಾಗಿಲಿನ ಸ್ಕ್ರೂಗಳನ್ನು ಒಂದೊಂದಾಗಿ ತಿರುಗಿಸಿ ಜೇಬಿಗೆ ಹಾಕಿಕೊಂಡು, ಬಾಗಿಲನ್ನು ಕಳಚಿ, ಬೆನ್ನ ಮೇಲೆ ಹೊತ್ತುಕೊಂಡು ಮೆಟ್ಟಿಲು ಇಳಿದುಬಿಟ್ಟ. ಬಾಗಿಲಿಲ್ಲದ ಮನೆಯಲ್ಲಿ ಒಂಟಿ ಹೆಂಗಸು ಹೇಗಿರುತ್ತಾಳೆ? ಬಾಯಿಗೆ ಬಂದ ಹಾಗೆ ಬೈಯುತ್ತ ಅವನ ಹಿಂದೆಯೇ ಬಂದಳು. ಅವನು ಮತ್ತೆ ಹೋಗಿ ಮಷೀನನ್ನೂ ಹೊತ್ತು ತಂದ.

ಮೂರು ದಿನ ಮಳೆ ಸುರಿಯಿತು. ಏನೂ ಆಗಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಆಕಾಶ ತೊಳೆದಿಟ್ಟ ಹಾಗಿತ್ತು. ಎಳೆ ಬಿಸಿಲಿನಲ್ಲಿ ಗುಡ್ಡ ಹಸಿರಾಗಿ, ತಣ್ಣಗೆ ನಿಂತಿತ್ತು. ಶಾಲೆಯಲ್ಲಿದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯ್ತು," ಎಂದಳು ಅಕ್ಕ. "ಎತ್ತು ಬಾಗಿಲು. ನಡಿ, ಮನೆಗೆ ಹಾಕ್ಕೊಡು."

"ಮಳೆ ನಿಂತ ಮಾತ್ರಕ್ಕೆ ಗುಡ್ಡ ಒಣಗಲ್ಲ ಅಂತ ಡಾಕ್ಟ್ರಮ್ಮ ನಿನ್ನೇನೇ ಹೇಳಿದಾರೆ ಅಕ್ಕ. ಬಿದ್ದ ನೀರು ಇನ್ನೂ ಒಳಗೆ ಇಳೀತಿರುತ್ತಂತೆ. ಮಣ್ಣಿನ ಹಿಡಿತ ಸಡಿಲ ಆಗ್ತಾನೇ ಇರುತ್ತಂತೆ."

"ಸ್ಕ್ರೂ ಎಲ್ಲಿ?"

"ಗೊತ್ತಿಲ್ಲ. ಎಲ್ಲೋ ಬಿದ್ದೋದ್ವು."

ಸ್ಕ್ರೂಗಳು ಅವನ ಜೇಬಿನಲ್ಲೇ ಇದ್ದವು. ಅಕ್ಕ ಶಾಲೆಯ ನೆಲವನ್ನೆಲ್ಲ ಹುಡುಕತೊಡಗಿದಳು. ಆ ಹೊತ್ತಿಗೆ ಗಡಿಯಾರದಣ್ಣ ಚಪ್ಪಲಿ ಮೆಟ್ಟಿಕೊಂಡರು.

"ಗಿರಾಕಿಗಳ ವಾಚು ಡ್ರಾಯರಲ್ಲೇ ಉಳಿದಿವೆ. ಅರ್ಧ ಗಂಟೇಲಿ ಬಂದೆ."

"ಬೇಡ ಅಣ್ಣ," ಎಂದ ಬಡಗಿ.

"ಬಿಸಿಲು ನೋಡೋ ಮಾರಾಯ!" ನಗುತ್ತಲೇ ಹೋದರು.

ಅಕ್ಕ ಇನ್ನೂ ಬೆಂಚುಗಳ ಕೆಳಗೆ ಹುಡುಕುತ್ತಿದ್ದಳು. ಲಾರಿಯಿಂದ ಜಲ್ಲಿ ಸುರಿದಂಥ ಸದ್ದು ಕೇಳಿತು. ಆ ಸದ್ದು ನಿಲ್ಲಲೇ ಇಲ್ಲ. ಎಲ್ಲರೂ ಅಂಗಳಕ್ಕೆ ಓಡಿದರು. ಹಳ್ಳದಾಚೆ, ಬಡಗಿ ಹಲಗೆಯ ಮೇಲೆ ಎಳೆದ ಗೆರೆಯುದ್ದಕ್ಕೂ ಗುಡ್ಡ ಬಾಯಿ ಬಿಟ್ಟಿತು. ಕೆಳಗಿನ ಭಾಗ ಮನೆ, ಮರ, ಮೆಟ್ಟಿಲುಗಳ ಸಮೇತ ಇಳಿಯಿತು. ಮೊದಲು ಮೆಲ್ಲಗೆ, ಆಮೇಲೆ ಒಮ್ಮೆಲೇ.

ಗಡಿಯಾರದಣ್ಣ ಮಾರನೆಯ ದಿನ ಮಧ್ಯಾಹ್ನ ಸಿಕ್ಕಿದರು. ಉಸಿರಿರಲಿಲ್ಲ.

ಬಡಗಿ ಮೂರು ದಿನ ಊಟ ಮುಟ್ಟಲಿಲ್ಲ. "ನಿನ್ನ ಬಾಗಿಲು ಕಿತ್ತೆ ಅಕ್ಕ," ಎಂದ ಒಮ್ಮೆ. "ಅವರ ಚಪ್ಪಲಿ ಕಿತ್ಕೊಳ್ಳೋಕೂ ಧೈರ್ಯ ಬರ್ಲಿಲ್ಲ. ಹೇಳೋಕೆ ನಾನ್ಯಾರು, ಒಡಹುಟ್ಟಿದವನಾ ಅಂತ ಸುಮ್ಮನಾದೆ." ಅವನು ಚಿಕ್ಕವನಿದ್ದಾಗ ಮಾಡುತ್ತಿದ್ದಂತೆ ಅಕ್ಕ ಅವನ ತಲೆಯನ್ನು ಎಳೆದು ತನ್ನ ಹೆಗಲಿಗೆ ಒತ್ತಿಕೊಂಡಳು.

ಡಾಕ್ಟರಮ್ಮನಿಗೂ ಅದೇ ಸಂಕಟ. "ಎರಡು ವರ್ಷ ಆಕಾಶದಿಂದ ನೋಡ್ದೆ," ಎಂದಳು. "ಒಂದ್ಸಲಾನಾದ್ರೂ ಬಾಗಿಲು ತಟ್ಟಿ, ನಿಮ್ಮನೇಲಿ ಏನಾಗ್ತಿದೆ ಅಂತ ಕೇಳಬೇಕಿತ್ತು."

ಈಗ ಅಕ್ಕ ಸಮತಟ್ಟು ನೆಲದ ಮೇಲೆ ಹೊಸ ಮನೆಯಲ್ಲಿದ್ದಾಳೆ. ಹೊಸ ಚೌಕಟ್ಟಿಗೆ ಹಳೆಯ ಬಾಗಿಲನ್ನೇ ಹಾಕಬೇಕೆಂದು ಹಟ ಹಿಡಿದಳು. ಚೌಕಟ್ಟು ನೇರವಾಗಿತ್ತು. ಬಾಗಿಲು ಮುಚ್ಚಿದಾಗ ಚಿಲಕದ ಕಡೆಯ ಮೇಲ್ಮೂಲೆಯಲ್ಲಿ ಒಂದು ಬೆರಳಗಲ ಸಂದು ಉಳಿಯಿತು. ಮೂರು ಸಲ ಕೆರೆದು ಹಾಕಿದ್ದು ಅಷ್ಟು. ಬೀಳುವ ಮುಂಚೆ ಗುಡ್ಡ ಹಳೆಯ ಚೌಕಟ್ಟಿನ ಆ ಮೂಲೆಯನ್ನು ಎಳೆದಿದ್ದೂ ಅಷ್ಟು. ಬಡಗಿ ಅಲ್ಲಿಗೆ ಬಿಳಿ ಮರದ ತುಂಡೊಂದನ್ನು ಕೂರಿಸಿದ. ಬಣ್ಣ ಹಚ್ಚಲು ಹೋದಾಗ ಅಕ್ಕ ತಡೆದಳು. ಬಟ್ಟೆ ಕೊಡಲು ಬಂದವರು ಅದೇನೆಂದು ಕೇಳುತ್ತಾರೆ. ಅವಳು ಕೊರಳ ಟೇಪು ತೆಗೆದು, ಮೂಲೆಯಿಂದ ಮೂಲೆಗೆ ಅಳೆಯುವುದನ್ನು ಅವರಿಗೆ ಹೇಳಿಕೊಡುತ್ತಾಳೆ. ಬಡಗಿಯೂ ಈಗ ಯಾರ ಮನೆಗೆ ಹೋದರೂ ಮೊದಲು ಚೌಕಟ್ಟು ಅಳೆಯುತ್ತಾನೆ. ಆಮೇಲಷ್ಟೇ ಹತ್ತರಿ ತೆಗೆಯುತ್ತಾನೆ.

ಇದನ್ನು ಓದುತ್ತಿರುವ, ಕೇಳುತ್ತಿರುವ ನೀವು ಗುಡ್ಡದ ಮೇಲೋ ಗುಡ್ಡದ ಕೆಳಗೋ ಮನೆ ಮಾಡಿಕೊಂಡಿದ್ದರೆ ಇವತ್ತೇ ಒಂದು ಟೇಪು ತೆಗೆದುಕೊಳ್ಳಿ. ಚೌಕಟ್ಟನ್ನು ಎರಡೂ ಕಡೆ ಮೂಲೆಯಿಂದ ಮೂಲೆಗೆ ಅಳೆಯಿರಿ, ತಾರೀಖು ಹಾಕಿ ಗೋಡೆಯ ಮೇಲೆ ಬರೆದಿಡಿ, ಪ್ರತಿ ವಾರ ಮತ್ತೆ ಅಳೆಯಿರಿ. ಅಳತೆ ಬದಲಾಗುತ್ತಿದ್ದರೆ, ಗೋಡೆಯ ಬಿರುಕು ಅಗಲವಾಗುತ್ತಿದ್ದರೆ, ನೆಟ್ಟಗಿದ್ದ ಕಂಬ ವಾಲಿದರೆ, ತಿಳಿಯಾಗಿ ಹರಿಯುತ್ತಿದ್ದ ಒರತೆ ಕೆಸರಾದರೆ, ಮರದ ಮೇಲೆ, ಮಳೆಯ ಮೇಲೆ ತಪ್ಪು ಹೊರಿಸಿ ಸುಮ್ಮನಾಗಬೇಡಿ. ಕೂಡಲೇ ಮನೆ ಬಿಟ್ಟು ಹೊರಡಿ, ಹತ್ತಿರದ ಪಂಚಾಯಿತಿ ಕಚೇರಿಗೆ ತಿಳಿಸಿ. ಬಿಸಿಲು ಬಂತೆಂದು ವಾಪಸು ಓಡಬೇಡಿ. ಬಲ್ಲವರು ನೋಡಿ, ಇನ್ನು ಹೋಗಬಹುದು ಎನ್ನುವವರೆಗೆ ಕಾಯಿರಿ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಏನು ಸುಖ?

ಹೊರಡುವಾಗ ಪಕ್ಕದ ಮನೆಯ ಬಾಗಿಲನ್ನೂ ತಟ್ಟಿ. ಅಲ್ಲಿರುವವರು ನಿಮ್ಮ ಅಕ್ಕ ಅಲ್ಲದಿದ್ದರೂ ತಟ್ಟಿ.