ಬೇರಿಗಂಟಿದ ಮಣ್ಣು

ಮುನಿರಾಮಯ್ಯಾ— ಕೋರ್ಟಿನ ಬಾಗಿಲಲ್ಲಿ ಜವಾನ ಕೂಗುತ್ತಾನೆ, ಕಾಂಪೌಂಡಿನಾಚೆ ಮಗ್ಗಗಳ ಕಟಕಟ, ಅದರ ಮೇಲೆ ಈ ಹೆಸರು, ಮುನಿರಾಮಯ್ಯಾ, ಇನ್ನೊಂದು ಸಲ ಕೂಗಿದರೆ ಇವರು ಎಲ್ಲಿಂದಲೋ ಟವೆಲ್ಲು ಕೊಡವಿಕೊಂಡು ಬಂದೆ ಸ್ವಾಮಿ ಅಂದುಬಿಡುತ್ತಾರೋ ಏನೋ, ಜೈಲಲ್ಲಿ ಎದೆನೋವು ಬಂದು ಹೋದವರನ್ನೂ ಕೂಗಲೇಬೇಕಂತೆ, ಪದ್ಧತಿಯಂತೆ. ಗಂಡನ ಹೆಸರು, ಮದುವೆಯಾದಾಗಿನಿಂದ ನಾನು ಬಾಯಲ್ಲಿ ತಂದವಳಲ್ಲ, ಆದರೆ ತಲೆ ನೆರೆತ ಮೇಲೆ ರಾತ್ರಿಶಾಲೆಗೆ ಹೋದಾಗ ಸ್ಲೇಟಿನ ಮೇಲೆ ಬರೆದೆ, ಬರೀಬಾರದು ಅಂತ ಯಾರೂ ಹೇಳಿರಲಿಲ್ಲವಲ್ಲ, ಕರೆದುಕೊಂಡು ಹೋಗಲು ಬಂದ ಇವರು ಬ್ಯಾಟರಿ ಬಿಟ್ಟು ನೋಡಿ, ಏನಿದು ಮೇಡಮ್ಮೋರೆ ಅಂದರು, ನಿಮ್ಮೆಸರು ಅಂದೆ, ಅಯ್ಯೋ ಇಷ್ಟುದ್ದ ಇದೀನೇನೇ ನಾನು!

ಒದ್ದೆ ಗೋಣಿ, ತೊಡೆಯ ಮೇಲೆ ಒದ್ದೆ ಗೋಣಿ— ಬೇಡ, ಅದು ಈಗ ಬೇಡ. ವಕೀಲರು ಬಂದರು, ಹರಿಪ್ರಸಾದ್, ಒಳ್ಳೆ ಹುಡುಗ, ಮುಗೀತಜ್ಜಿ, ಆರೋಪಿ ತೀರ್ಕೊಂಡಿರೋದ್ರಿಂದ ಕೇಸ್ ಕ್ಲೋಸು, ಮನೆಗೆ ಹೋಗಿ. ತಪ್ಪಿಲ್ಲ ಅಂತ ಬರೆದರಾ ಸ್ವಾಮಿ? ಹಂಗೆ ಬರೆಯಲ್ಲಜ್ಜಿ, ತಪ್ಪು ಅಂತಾನೂ ಇಲ್ಲ, ತಪ್ಪಿಲ್ಲ ಅಂತಾನೂ ಇಲ್ಲ. ನಾನು ಬಂದದ್ದೇ ಆ ಒಂದು ಮಾತಿಗೆ, ಊರಲ್ಲಿ ಗಾಂಜಾ ಮುನಿರಾಮಯ್ಯ ಅಂತಾರೆ, ಬೀಡಿ ಕೂಡ ಮುಟ್ಟದ ಮನುಷ್ಯನನ್ನ. ರೊಟ್ಟಿ ಸುತ್ತಿ ತಂದ ಪೇಪರು ತೋರಿಸಿದೆ, ಬಸ್ಸಲ್ಲಿ ಅಕ್ಷರ ಕೂಡಿಸಿ ಕೂಡಿಸಿ ಓದಿದ್ದು, ಗಾಂಜಾ ಗಿಡವನ್ನು ಇಷ್ಟು ಕಠಿಣ ಕಾನೂನಿನ ಪಟ್ಟಿಯಲ್ಲಿ ಇಡಬೇಕೇ, ಔಷಧಿ ಗುಣವೂ ಇದೆ, ಮರುಪರಿಶೀಲನೆ ಆಗಲಿ— ಎಂಥಾ ಉದ್ದನೆ ಪದ, ಇವರ ಹೆಸರಿಗಿಂತ ಉದ್ದ— ಇದು ಆದರೆ ಸ್ವಾಮಿ? ಆದಾಗ ನೋಡೋಣಜ್ಜಿ, ಆದ್ರೂ ನಿಮ್ಮೋರ ಕೇಸನ್ನ ಯಾರೂ ಮತ್ತೆ ತೆಗೆಯಲ್ಲ. ಕಾಯುವುದು ನನಗೇನು ಹೊಸದಲ್ಲ, ಅಕ್ಷರಕ್ಕೇ ಅರ್ಧ ಆಯುಸ್ಸು ಕಾದವಳು, ಆದರೆ ಯಾವುದಕ್ಕೆ ಅಂತ ಕಾಯಲಿ ಇನ್ನು.

ಒಂದೇ ಗಿಡ, ಅವರೆ ಸಾಲಿನ ಪಕ್ಕ, ಶಿವರಾತ್ರಿಗೆ ಶಿವಗಂಗೆಗೆ ನಡೆದು ಹೋಗುವ ಸಾಧುಗಳು ನಮ್ಮ ಹೊಲದಲ್ಲಿ ತಂಗುತ್ತಾರೆ, ಮಾವನವರ ಕಾಲದಿಂದ ಅವರಿಗೆ ಅನ್ನ, ನೀರು, ಈ ಗಿಡದ್ದೇ ಹಿಡಿ ಭಂಗಿ ಸೊಪ್ಪು. ಪೊಲೀಸಿನವರು ಬಂದು ಬೇರು ಸಮೇತ ಬೇಕು ಅಂದರು, ಇವರು ಗುದ್ದಲಿ ಮುಟ್ಟಲಿಲ್ಲ, ಬೇರು ಕಡಿದೀತು, ಕುಕ್ಕರುಗಾಲಲ್ಲಿ ಕೂತು ಬೆರಳಲ್ಲೇ ಬಿಡಿಸಿದರು, ಬುಡದ ಮಣ್ಣು ಕಳಚದ ಹಾಗೆ, ನೆಂಟರಿಗೆ ಮಲ್ಲಿಗೆ ಸಸಿ ಕೊಟ್ಟು ಕಳಿಸುವಾಗ ಮಾಡುತ್ತಿದ್ದ ಹಾಗೇ, ಗೋಣಿ ನೆನೆಸಿ ಸುತ್ತಿ, ಸ್ವಾಮಿ, ಹೊತ್ತಿಳಿದ ಮೇಲೆ ನೆಡಿ, ಬಿಸಿಲಿಗೆ ಬಾಡ್ತದೆ. ಒಬ್ಬ ನಕ್ಕ, ಏ ತಾತ, ನೆಡೋಕಲ್ಲ ಕಣೋ, ನೀನೂ ಹತ್ತು ಜೀಪು. ಮಣ್ಣು ಗೋಣಿ ಎಲ್ಲ ಸೇರಿಸಿ ತೂಗಿದರಂತೆ ಆಮೇಲೆ. ನಾನು ಬೇಲಿ ಹತ್ತಿರ ನಿಂತಿದ್ದೆ, ಜೀಪಿನಲ್ಲಿ ಕೂತ ಇವರು ನನ್ನ ಕಡೆ ನೋಡಲಿಲ್ಲ, ಗಿಡದ ಕಡೆ ನೋಡುತ್ತಿದ್ದರು, ಹಳ್ಳದ ದಾರಿ, ಜೀಪು ಕುಲುಕುತ್ತದೆ, ಪೇಪರು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತೇನೆ, ಮಗ್ಗ ಕಟಕಟ ಅನ್ನುತ್ತದೆ, ಬಸ್ಸಿಗೆ ಹೊತ್ತಾಯಿತು, ಏಳಬೇಕು, ಜೀಪು ಕುಲುಕುತ್ತದೆ, ಇವರ ತೊಡೆಯ ಮೇಲೆ ಒದ್ದೆ ಗೋಣಿ, ಮಣ್ಣು ಉದುರದ ಹಾಗೆ ಅದುಮಿ ಹಿಡಿದ ಎರಡೂ ಕೈ, ಎರಡೂ ಕೈ