ಇಪ್ಪತ್ತೈದರ ಎಲೆ

೧೯೮೮ನೆಯ ಇಸವಿ, ನವೆಂಬರ್ ಹನ್ನೆರಡು, ಶನಿವಾರ. ಶಿಡ್ಲಘಟ್ಟದ ಮೆಕ್ಯಾನಿಕ್ ಬಯ್ಯಪ್ಪನ ಶೆಡ್ಡಿನಲ್ಲಿ, ಗೋಣಿಚೀಲದ ಮೇಲೆ, ಲ್ಯಾಂಡ್‌ಮಾಸ್ಟರ್ ಕಾರಿನಿಂದ ಬಿಚ್ಚಿದ ನಾಲ್ಕು ಪ್ಲಗ್ಗುಗಳು ಸಾಲಾಗಿ ಮಲಗಿದ್ದವು. ಕಾರಿಗೆ ಮೂವತ್ತೆರಡು ವರ್ಷ. ಅದರ ಒಡೆಯರಾದ ಮೇಲೂರಿನ ನರಸಿಂಹಪ್ಪನವರಿಗೆ ಅರವತ್ತೊಂದು. ಸರ್ವೆ ಇಲಾಖೆಯಲ್ಲಿ ಊರೂರಿನ ಹೊಲಗಳನ್ನು ಅಳೆದು ನಿವೃತ್ತರಾಗಿದ್ದ ಅವರಿಗೆ ಬೇರೆಯವರು ಅಳೆದದ್ದೆಲ್ಲದರ ಬಗ್ಗೆಯೂ ತಾತ್ಸಾರ.

ಮರುದಿನ ಹತ್ತು ಗಂಟೆಯೊಳಗೆ ಅವರು ಅಕ್ಕ ಪೆದ್ದಮ್ಮನನ್ನು ಚಿಂತಾಮಣಿಯ ಕಣ್ಣಿನ ಶಿಬಿರಕ್ಕೆ ಕರೆದೊಯ್ಯಬೇಕಿತ್ತು. ಆಕೆಯ ಒಂದು ಕಣ್ಣು ಆಗಲೇ ಹೋಗಿತ್ತು, ಇನ್ನೊಂದಕ್ಕೆ ಪೊರೆ ಬಂದಿತ್ತು. ಹತ್ತು ಮೀರಿದರೆ ಹೆಸರು ಬರೆದುಕೊಳ್ಳುವುದಿಲ್ಲವೆಂದು ಹೇಳಿದ್ದರು. ಬಸ್ಸುಗಳ ಹೊತ್ತಿನ ಲೆಕ್ಕದ ಬಗ್ಗೆಯೂ ನರಸಿಂಹಪ್ಪನವರಿಗೆ ತಾತ್ಸಾರವೇ ಇದ್ದುದರಿಂದ ಕಾರು ಸಜ್ಜಾಗಬೇಕಿತ್ತು.

ಬಯ್ಯಪ್ಪ ತಂತಿ ಬ್ರಷ್ಷಿನಿಂದ ಮಸಿ ಉಜ್ಜಿದ. ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರುವ ಸಂದಿಯೊಳಕ್ಕೆ ಕಬ್ಬಿಣ ಕೊಯ್ಯುವ ಗರಗಸದ ತುಂಡು ಬ್ಲೇಡೊಂದರ ಬೆನ್ನನ್ನು ತೂರಿಸಿ, ಮೇಲಿನ ಕೊಕ್ಕೆಯನ್ನು ಮೆಲ್ಲಗೆ ತಟ್ಟಿದ.

"ಇದ್ಯಾವ ಅಳತೆಯಪ್ಪ?" ಎಂದರು ಪಕ್ಕದಲ್ಲಿ ನಿಂತಿದ್ದ ನರಸಿಂಹಪ್ಪನವರು.

"ನಮ್ ಗುರುಗಳು ಹಿಂಗೇ ಮಾಡ್ತಿದ್ರು ಸಾರ್. ಬ್ಲೇಡು ಬಿಗಿಯಾಗಿ ಹೋಗಿ ಬಂದ್ರೆ ಸರಿ ಅಂತ."

"ನಿಮ್ಮ ಗುರುಗಳು ಎಷ್ಟನೇ ಕ್ಲಾಸು ಓದಿದ್ರು?"

"ಸ್ಕೂಲ್ ಮುಖಾನೇ ನೋಡಿರ್ಲಿಲ್ಲ ಸಾರ್."

"ಗೊತ್ತಾಗ್ತಿದೆ."

ಚಹಾ ಕುಡಿಯುತ್ತ ಕುಳಿತಿದ್ದ ಮೂವರು ಲಾರಿ ಡ್ರೈವರುಗಳು ನಕ್ಕರು. ನರಸಿಂಹಪ್ಪನವರು ಜೇಬಿನಿಂದ, ಸಂದಿ ಅಳೆಯಲೆಂದು ಬೆಂಗಳೂರಿನಲ್ಲಿ ಕೊಂಡ ಹೊಸ ಗೇಜನ್ನು ತೆಗೆದರು. ಬೀಸಣಿಗೆಯಂತೆ ಬಿಚ್ಚಿಕೊಳ್ಳುವ ಹದಿಮೂರು ಉಕ್ಕಿನ ಎಲೆಗಳು. ಒಂದೊಂದರ ಮೇಲೂ ಅದರ ದಪ್ಪದ ಅಂಕಿ. ಕಾರಿನ ಪುಸ್ತಕ ಹೇಳಿದ್ದು ಅಂಗುಲದ ಸಾವಿರದಲ್ಲಿ ಇಪ್ಪತ್ತೈದು ಪಾಲು. ಇಪ್ಪತ್ತೈದೆಂದು ಕೊರೆದಿದ್ದ ಎಲೆಯನ್ನು ಅವರು ಬಯ್ಯಪ್ಪ ಹೊಂದಿಸಿದ ಸಂದಿಗಿಟ್ಟರು. ಅದು ಅಗಸೆ ಬಾಗಿಲಲ್ಲಿ ಕುರಿ ನುಗ್ಗಿದಂತೆ ಸಲೀಸಾಗಿ ಹೋಯಿತು.

"ನೋಡ್ರಪ್ಪ, ಎರಡರಷ್ಟು ಜಾಗ ಬಿಟ್ಟಿದ್ದಾನೆ. ಎಂಜಿನ್ನು ಇವನ ಕೈಗೆ ಕೊಡೋದೂ ಒಂದೇ, ಕತ್ತೆ ಕಾಲಿಗೆ ಕೊಡೋದೂ ಒಂದೇ."

ಬಯ್ಯಪ್ಪ ಪ್ಲಗ್ಗುಗಳನ್ನು ಅವರತ್ತ ಸರಿಸಿದ. ನಾಲ್ಕು ಸಂದಿಗಳನ್ನೂ ನರಸಿಂಹಪ್ಪನವರೇ ತಟ್ಟಿ ಕಿರಿದಾಗಿಸಿ, ಅವನ ಕೂಲಿಯನ್ನು ಗೋಣಿಯ ಮೇಲೆ ಹಾಕಿ ಹೊರಟರು. ದಾರಿಯಲ್ಲಿ ಕಾರು ಮುಗ್ಗರಿಸಿದಾಗ, ಪೆಟ್ರೋಲಿಗೆ ಸೀಮೆಎಣ್ಣೆ ಬೆರೆಸಿದ್ದಾರೆಂದು ಬಂಕಿನವನನ್ನು ಬೈದುಕೊಂಡರು.

ಭಾನುವಾರ ಎಂಟೂಕಾಲಕ್ಕೆ, ಶಿಡ್ಲಘಟ್ಟ ದಾಟಿದ ಮೊದಲ ಏರಿನಲ್ಲಿ, ಕಾರು ನಾಲ್ಕು ಸಲ ಕೆಮ್ಮಿ ನಿಂತಿತು. ಏನು ಮಾಡಿದರೂ ಮತ್ತೆ ಹೊತ್ತಿಕೊಳ್ಳಲಿಲ್ಲ.

"ಬಯ್ಯಪ್ಪನ್ನ ಕರೆಸೋ," ಎಂದಳು ಪೆದ್ದಮ್ಮ.

"ಅವನಿಗೇನು ಗೊತ್ತಕ್ಕ?"

"ನಿಂಗೆ ಗೊತ್ತಿದ್ದು ಆಯ್ತಲ್ಲ. ಇರೋದೊಂದು ಕಣ್ಣು ಕಣೋ ನಂದು."

ಸೈಕಲ್ಲಿನಲ್ಲಿ ಹೋಗುತ್ತಿದ್ದವನೊಬ್ಬನ ಕೈಯಲ್ಲಿ ಹೇಳಿಕಳಿಸಿದರು. ಬಯ್ಯಪ್ಪ ಬಂದಾಗ ಒಂಬತ್ತು ಗಂಟೆ ಹೊಡೆದಿತ್ತು. ಅವನು ಪ್ಲಗ್ಗುಗಳನ್ನು ಬಿಚ್ಚಿದ. ನಾಲ್ಕೂ ಒಲೆಯ ಮೇಲಿನ ಗಡಿಗೆಯಂತೆ ಕಪ್ಪಾಗಿದ್ದವು. ಬ್ಲೇಡು ಸಂದಿಯೊಳಗೆ ಹೋಗಲೇ ಇಲ್ಲ. ಅವನು ನರಸಿಂಹಪ್ಪನವರ ಗೇಜನ್ನು ಇಸಕೊಂಡು ತಿರುಗಿಸಿ ನೋಡಿದ.

"ಸಾರ್, ನಿಮ್ ಗೇಜಿನ ಬುಡದಾಗೆ ಏನೋ ಇಂಗ್ಲಿಷಲ್ಲಿ ಬರ್ದೈತೆ. ನಂಗೆ ಬರಲ್ಲ, ಓದಿ."

ನರಸಿಂಹಪ್ಪನವರು ಕನ್ನಡಕ ಹಾಕಿಕೊಂಡರು. ಎಲೆಗಳನ್ನು ಹಿಡಿದಿದ್ದ ತಿರುಪಿನ ಪಕ್ಕದಲ್ಲಿ ಸಾಸಿವೆಯಷ್ಟು ಸಣ್ಣ ಅಕ್ಷರಗಳು: ಎಂ.ಎಂ. ಅದು ಅಂಗುಲದ ಸಾವಿರದ ಪಾಲಲ್ಲ. ಮಿಲಿಮೀಟರಿನ ನೂರರ ಪಾಲು.

ಗುಣಾಕಾರಕ್ಕೆ ಅವರಿಗೆ ಕಾಗದ ಬೇಕಿರಲಿಲ್ಲ. ಅಂಗುಲದ ಲೆಕ್ಕದ ಇಪ್ಪತ್ತೈದು ಎಂದರೆ ಈ ಗೇಜಿನಲ್ಲಿ ಅರವತ್ತಮೂರೂವರೆ. ತಾವು ಬಿಟ್ಟ ಸಂದಿ ಬೇಕಾದ್ದರ ಅರ್ಧಕ್ಕೂ ಕಡಿಮೆ. ಹಿಂದೊಮ್ಮೆ ಗೌರಿಬಿದನೂರಿನಲ್ಲಿ, ಹೊಲ ಅಳೆಯುವ ಸರಪಳಿಯ ಕೊಂಡಿಗಳ ಲೆಕ್ಕವನ್ನು ಮೀಟರೆಂದು ಬರೆದ ನಲ್ಲಪ್ಪನೆಂಬ ಕಿರಿಯ ಸರ್ವೆಯರನ ಇನ್‌ಕ್ರಿಮೆಂಟನ್ನು ಅವರು ತಡೆಹಿಡಿಸಿದ್ದರು. "ಯಾವ ಅಳತೆಯೆಂದು ಹೇಳದ ಅಂಕಿ ಬರಿಯ ಗೀಚು" ಎಂದು ಅವನ ಕಡತದಲ್ಲಿ ಬರೆದಿದ್ದರು.

ಬಯ್ಯಪ್ಪ ಮಸಿ ಉಜ್ಜಿ, ಬ್ಲೇಡಿಟ್ಟು ಸಂದಿಗಳನ್ನು ಮತ್ತೆ ಅಗಲಿಸಿದ. ನರಸಿಂಹಪ್ಪನವರು ಅರವತ್ತರ ಎಲೆಯನ್ನು ಇಟ್ಟು ನೋಡಿದರು, ಸಲೀಸಾಗಿ ಹೋಯಿತು. ಅರವತ್ತೈದರದು ಬಾಯಲ್ಲೇ ನಿಂತಿತು. ಮುರುಕು ಬ್ಲೇಡಿನ ಲೆಕ್ಕ ಎರಡರ ನಡುವೆ ಕರಾರುವಾಕ್ಕಾಗಿ ಕೂತಿತ್ತು.

ಎಂಜಿನ್ನು ಒಂದೇ ಸಲಕ್ಕೆ ಹೊತ್ತಿಕೊಂಡಿತು. ಅವರು ಜೇಬಿಗೆ ಕೈಹಾಕಿದರು.

"ಬ್ಯಾಡ ಸಾರ್. ಈ ಕೆಲಸಕ್ಕೆ ನಿನ್ನೇನೇ ಕೊಟ್ಟಿದೀರಿ," ಎಂದು ಬಯ್ಯಪ್ಪ ಸೈಕಲ್ ಹತ್ತಿದ. "ಕತ್ತೆ ಕಾಲಿಗೆ ಅಷ್ಟೇ ಸಾಕು."

ಹತ್ತಕ್ಕೆ ಏಳು ನಿಮಿಷವಿರುವಾಗ ಪೆದ್ದಮ್ಮನ ಹೆಸರು ಶಿಬಿರದ ಪಟ್ಟಿಗೆ ಸೇರಿತು. ಅದೇ ವಾರ ಆಪರೇಷನ್ ಎಂದರು.

ಸಂಜೆ ವಾಪಸಾಗುವಾಗ ಶೆಡ್ಡಿನ ಮುಂದೆ ಬಯ್ಯಪ್ಪನಿದ್ದ, ಅದೇ ಮೂವರು ಡ್ರೈವರುಗಳೂ ಇದ್ದರು. ನಿನ್ನೆ ಆ ಮೂವರ ಎದುರು ಆಡಿದ್ದನ್ನು ಆ ಮೂವರ ಎದುರೇ ಹಿಂತೆಗೆದುಕೊಳ್ಳಬೇಕು. ಲೆಕ್ಕ ಅಷ್ಟು ಸರಳವಾಗಿತ್ತು. ನರಸಿಂಹಪ್ಪನವರ ಕಾಲು ಬ್ರೇಕಿನ ಮೇಲೆ ಹೋಯಿತು, ಒತ್ತಲಿಲ್ಲ.

"ನಿಲ್ಸಲ್ವೇನೋ?" ಎಂದಳು ಪೆದ್ದಮ್ಮ.

"ಎಂಜಿನ್ನು ಚೆನ್ನಾಗಿ ಓಡ್ತಿದೆ. ಯಾಕೆ ನಿಲ್ಲಿಸೋದು?"

"ಕಣ್ಣು ನಂಗಲ್ಲ ಕಣೋ ಹೋಗಿರೋದು," ಎಂದು ಆಕೆ ಮುಖ ತಿರುಗಿಸಿಕೊಂಡಳು.

ನಾಲ್ಕೂ ಪ್ಲಗ್ಗುಗಳು ಒಂದೂ ತಪ್ಪದೆ ಕಿಡಿ ಹಾರಿಸುತ್ತಿದ್ದವು. ಮೇಲೂರಿನವರೆಗೂ ಅವರು ಅದನ್ನು ಕೇಳಿಸಿಕೊಳ್ಳಬೇಕಾಯಿತು. ಆಡಬೇಕಾದ ಮಾತು ಬಾಕಿಯಾಗಿಯೇ ಉಳಿಯಿತು.