ನಕ್ಷತ್ರಮೀನಿನ ಪಾದ

ಏಳನೆಯ ಸಲವೂ ರಬ್ಬರಿನ ಪಾದ ಕಲ್ಲಿನಿಂದ ಜಾರಿ ತೊಟ್ಟಿಯ ತಳಕ್ಕೆ ಬಿತ್ತು. ಜೊವೆಲಿನ್ ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಕಿಟಕಿಗೆ ಹೋದಳು, ಮತ್ತೆ ತೊಟ್ಟಿಯ ಬಳಿಗೆ ಬಂದಳು. ಗಿಮಾರಾಸ್ ದ್ವೀಪದ ಆ ಪುಟ್ಟ ಸಂಶೋಧನಾ ಕೇಂದ್ರದಲ್ಲಿ ಎರಡು ವರ್ಷದಿಂದ ಅವಳದು ನಕ್ಷತ್ರಮೀನಿನದೇ ಧ್ಯಾನ. ಎಂಥ ಅಲೆ ಹೊಡೆದರೂ ಅದರ ನೂರಾರು ಸಣ್ಣ ಪಾದಗಳು ಬಂಡೆಯನ್ನು ಬಿಡುವುದಿಲ್ಲ. ನೀರೊಳಗೆ ಸೇತುವೆಯ ಕಂಬ ಹತ್ತಿ ಬಿರುಕು ಹುಡುಕುವ ಯಂತ್ರಕ್ಕೆ ಅಂಥದೇ ಕಾಲು ಬೇಕಿತ್ತು. ನೀರನ್ನು ಹೀರಿ ಕಚ್ಚಿಕೊಳ್ಳುವ ಅವಳ ರಬ್ಬರಿನ ಪಾದ ಗಾಜನ್ನು ಹಿಡಿಯುತ್ತಿತ್ತು, ಒರಟು ಕಲ್ಲನ್ನಲ್ಲ. ಮರುದಿನ ಬೆಳಿಗ್ಗೆಯೇ ಸೇತುವೆ ಇಲಾಖೆಯವರು ಅದನ್ನು ನೋಡಲು ಬರುವವರಿದ್ದರು.

"ಇನ್ನೂ ಉಂಡಿಲ್ವೇನೇ? ಮುಖ ಒಣಮೀನಾಗಿದೆ," ಎನ್ನುತ್ತ ಪೊತೆಂಗ್ ಅಜ್ಜಿ ಒಳಬಂದಳು. ಕಡಲು ಇಳಿದ ಹೊತ್ತಿನಲ್ಲಿ ಚಿಪ್ಪು ಆಯುವ ಅವಳೇ ಕೇಂದ್ರಕ್ಕೆ ನಕ್ಷತ್ರಮೀನು ತಂದುಕೊಡುತ್ತಿದ್ದಳು. ಇಂದು ಬಕೆಟ್ಟಿನ ನೀರಿನಲ್ಲಿ ನಕ್ಷತ್ರಮೀನಿನ ಜೊತೆಗೆ, ಅದು ಕಚ್ಚಿಕೊಂಡಿದ್ದ, ಪುಡಿ ಸಿಗಡಿ ಹಿಡಿಯುವ ಸಣ್ಣ ಕಣ್ಣಿನ ಬಲೆಯೂ ಇತ್ತು. "ಈ ಶನಿ ನನ್ನ ಬಲೇನ ಬಿಡ್ತಾನೇ ಇಲ್ಲ. ದಾರಿಯುದ್ದಕ್ಕೂ ಬೈಕೊಂಡು ಬಂದೆ."

ಜೊವೆಲಿನ್ ಕೈಹಾಕಿದಳು.

"ಎಳೀಬೇಡ್ವೇ! ಕಾಲು ಅಲ್ಲೇ ಕಿತ್ಕೊಂಡು ಉಳಿಯುತ್ತೆ. ಬೇಕಾದಾಗ ತಾನೇ ಬಿಡುತ್ತೆ."

ಜೊವೆಲಿನ್ ಬಲೆಯನ್ನು ನೀರೊಳಗೇ ತಿರುಗಿಸಿ ಭೂತಗನ್ನಡಿ ಹಿಡಿದಳು. ಒಂದೊಂದು ಪಾದದಡಿಯಲ್ಲೂ ಬಲೆಯ ನಾಲ್ಕಾರು ತೂತು. ತೂತಿನಿಂದ ನೀರು ನುಗ್ಗುವಾಗ ಹೀರಿ ಹಿಡಿಯುವುದೆಲ್ಲಿಂದ ಬಂತು? ಅವಳು ಭೂತಗನ್ನಡಿ ಕೆಳಗಿಟ್ಟು ಮೆಟ್ಟಿಲು ಹತ್ತಿದಳು.

ಮೇಲಿನ ಕೋಣೆಯಲ್ಲಿ ಕೇಂದ್ರದ ಮುಖ್ಯಸ್ಥ ಪ್ರೊಫೆಸರ್ ಮಗ್ಬನುವಾ ನಾಳೆಯ ಭಾಷಣ ತಿದ್ದುತ್ತಿದ್ದರು.

"ಸರ್, ಅದು ಹೀರಲ್ಲ. ಅಂಟು ಹಾಕುತ್ತೆ. ಕೆಲವರು ಹಾಗೇ ಬರೆದಿದ್ರು, ನಾನೇ ಪಕ್ಕಕ್ಕಿಟ್ಟಿದ್ದೆ. ನಾವು ಹಿಡಿದಿರೋ ದಾರೀನೇ ತಪ್ಪು."

ಅವರು ಪೆನ್ನು ಕೆಳಗಿಡಲಿಲ್ಲ. "ಗಾಜಿನ ಮೇಲೆ ನಿಲ್ಲುತ್ತಲ್ಲ? ನಾಳೆ ಗಾಜಿನ ಮೇಲೇ ತೋರ್ಸು. ಸುಳ್ಳೇನೂ ಹೇಳ್ತಿಲ್ಲವಲ್ಲ."

"ಸೇತುವೆ ಕಂಬ ಗಾಜಿನದ್ದಾ ಸರ್?"

"ನಾಲಿಗೆ ಉದ್ದ ಆಯ್ತು ನಿಂದು."

ಬೆಳಗಿನ ದೋಣಿಯಲ್ಲಿ ಸೇತುವೆಯವರು ಮೂವರು ಬಂದರು. ತೊಟ್ಟಿಯಲ್ಲಿ ಗಾಜು ಸಿದ್ಧವಾಗಿತ್ತು. ಜೊವೆಲಿನ್ ರಬ್ಬರಿನ ಪಾದವನ್ನು ಅದರತ್ತ ಒಯ್ದಳು, ತಡೆದಳು. ಗಾಜನ್ನು ಎತ್ತಿ ನೆಲಕ್ಕಿಟ್ಟು, ಹಳೆಯ ಕಂಬದ ಚಿಪ್ಪುಗಟ್ಟಿದ ತುಂಡೊಂದನ್ನು ನೀರಿಗಿಳಿಸಿದಳು. ಪಾದ ಒಂದು ಕ್ಷಣ ನಿಂತಿತು, ಬಿತ್ತು. ಬಂದವರಲ್ಲೊಬ್ಬ ಕಿಸಕ್ಕೆಂದ. ಪ್ರೊಫೆಸರ್ ಕೆಮ್ಮಿದರು. ಅವಳು ಬಲೆಯ ವಿಷಯವನ್ನೆಲ್ಲ ಹೇಳಿದಳು.

ಬಂದವರಲ್ಲಿ ಹಿರಿಯಳಾದ ಹೆಂಗಸು, ತಾನೇ ಮುಳುಗಿ ಕಂಬ ನೋಡಿದವಳು, ಕೇಳಿದಳು: "ಸರಿಯಾದದ್ದು ಮಾಡೋಕೆ ಎಷ್ಟು ದಿನ ಬೇಕು?"

"ಗೊತ್ತಿಲ್ಲ ಮೇಡಂ."

"ನೋಡೋಣ," ಎಂದಳು ಅವಳು. ಪ್ರೊಫೆಸರ್ ಜೊವೆಲಿನ್‌ಳ ಕಡೆ ತಿರುಗಿಯೂ ನೋಡದೆ ಅವರೊಂದಿಗೇ ದೋಣಿ ಹತ್ತಿದರು.

ಅವಳು ಬರಿಗಾಲಲ್ಲಿ ಕಟ್ಟೆಯಿಂದ ಮರಳಿಗಿಳಿದಳು. ದೋಣಿ ತಿರುವಿನಾಚೆ ಕಣ್ಮರೆಯಾಯಿತು. ಎಷ್ಟೋ ಹೊತ್ತಿನ ಮೇಲೆ ಅದು ಎಬ್ಬಿಸಿದ ಅಲೆ ದಡಕ್ಕೆ ಬಂದು, ಅವಳ ಕಣಕಾಲನ್ನು ಸುತ್ತಿ, ಕಾಲಡಿಯ ಮರಳನ್ನು ಸ್ವಲ್ಪ ಸ್ವಲ್ಪವೇ ಎಳೆದುಕೊಂಡು ಹಿಂದಕ್ಕೆ ಹೋಯಿತು.